ರತ್ನಕ್ಕನ ಎಕ್ಸ್‌ರೇಯಲ್ಲಿ ನಾನು ಕಂಡದ್ದು

ಸುಜಾತಾ, ನಿನ್ನ ಅತ್ತೆಯ ಎದೆಯ ಎಕ್ಸ್‌ರೇ ಸರಿಯಿರಲಿಲ್ಲ. ಸರಿಯಿಲ್ಲವೆಂದು ನನಗೆ ಗೊತ್ತಿತ್ತು — ತೆಗೆದ ದಿನವೇ ಗೊತ್ತಿತ್ತು — ಆದರೂ ಸರಿಯಾಗಿದೆ ಎಂದು ಹೇಳಿದೆ. ಡಾಕ್ಟರಿಗೂ ಹಾಗೇ ಹೇಳಿದೆ, ನಿನ್ನ ಅತ್ತೆಗೂ ಹಾಗೇ ಹೇಳಿದೆ. ಆಮೇಲೆ ನಿನಗೆ ಟಿಬಿ ಬಂತು. ಆ ಮನೆಗೆ ರೋಗ ತಂದವಳು ನೀನೇ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ ಸಂಜೆ ನಾನು ಅವರ ಸೋಫಾದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಪಾಪ ಸ್ವಲ್ಪ ಕಡಿಮೆಯಾಗುತ್ತಿತ್ತೋ ಏನೋ — ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಅವರು ಕೇಳಿದ್ದಕ್ಕೆ ಹೌದು ಎಂದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ನೀನು ಕಲಿತದ್ದು ಮರಾಠಿ ಶಾಲೆಯಲ್ಲಿ. ನಿನಗೆ ಬಾಯಲ್ಲೇ ಹೇಳುತ್ತೇನೆ, ಎದುರು ಕೂತು, ತುಳುವಿನಲ್ಲಿ. ಇದು ನಮ್ಮ ಭಜನಾ ಮಂಡಳಿಯ ಹೆಂಗಸರಿಗಾಗಿ. ನಿನ್ನ ಬಗ್ಗೆ ಮೆಟ್ಟಿಲ ಮೇಲೆ, ಲಿಫ್ಟಿನಲ್ಲಿ, ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಆಡಿಕೊಂಡವರೆಲ್ಲ ಕನ್ನಡ ಚೆನ್ನಾಗಿ ಓದಬಲ್ಲವರು. ಅವರ ಕಿವಿಗೆ ಸುಳ್ಳು ಹಾಕಿದವಳು ನಾನು, ನಿಜವನ್ನೂ ನಾನೇ ಹಾಕಬೇಕು.

ಮಂಡಳಿಗೆ ಹೊಸದಾಗಿ ಬಂದು ನನ್ನನ್ನು ಅರಿಯದವರಿಗೆ — ನಾನು ವಸಂತಿ, ಎಕ್ಸ್‌ರೇ ಟೆಕ್ನಿಶಿಯನ್. ಡೊಂಬಿವಲಿ ಪೂರ್ವದ ಒಂದು ಸಣ್ಣ ಡಯಾಗ್ನೊಸ್ಟಿಕ್ ಸೆಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ, ಈಗ ಠಾಣೆಯ ದೊಡ್ಡದೊಂದು ಸೆಂಟರಿನಲ್ಲಿದ್ದೇನೆ. ಬಾಯಿ ಜೋರು. ಪೇಷಂಟುಗಳಿಗೆ ಬಯ್ಯುತ್ತೇನೆ, ಬಯ್ಯುತ್ತಲೇ ಧೈರ್ಯವನ್ನೂ ಹೇಳುತ್ತೇನೆ. ಸೋನೋಗ್ರಫಿಗೆ ಬಂದವರಿಗೆ — ನೀರು ಕುಡಿದು ತಡೆದುಕೊಂಡು ಕೂರಿ, ಈಗಲೇ ಬಾತ್‌ರೂಮಿಗೆ ಓಡಿದರೆ ಮತ್ತೆ ಮೊದಲಿನಿಂದ ಕುಡಿಯಬೇಕು. ಹೊಟ್ಟೆಗೆ ಜೆಲ್ ಹಚ್ಚಿದಾಗ ತಣ್ಣಗಾಗುತ್ತದೆ, ಅಷ್ಟೇ. ಸಿಟಿ ಸ್ಕ್ಯಾನಿಗೆ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಬಿಸಿಯಾಗಿ ಬಟ್ಟೆಯಲ್ಲೇ ಒಂದಕ್ಕೆ ಆಗಿಹೋಯಿತು ಅನಿಸುತ್ತದೆ, ಆಗಿರುವುದಿಲ್ಲ, ನಾಚಿಕೊಳ್ಳಬೇಡಿ. ಎಂಆರ್‌ಐ ಒಳಗೆ ಪಕ್ಕದ ಫ್ಲ್ಯಾಟಿನಲ್ಲಿ ಟೈಲ್ಸ್ ಒಡೆಯುವ ಹಾಗೆ ಸದ್ದು; ಕೈಯಲ್ಲಿ ಬಲ್ಬ್ ಕೊಟ್ಟಿರುತ್ತೇವೆ, ಹೆದರಿಕೆಯಾದರೆ ಒತ್ತಿ, ಹೊರಗೆ ಎಳೆಯುತ್ತೇವೆ. ಇದನ್ನೆಲ್ಲ ದಿನವಿಡೀ ಮೂರು ನಾಲ್ಕು ಭಾಷೆಯಲ್ಲಿ ಹೇಳಿ ಹೇಳಿ ಗಂಟಲು ಒಣಗುತ್ತದೆ.

ಇವೆಲ್ಲದರಲ್ಲಿ ಸಲೀಸಾದದ್ದು ಎದೆಯ ಎಕ್ಸ್‌ರೇ. ನೋವಿಲ್ಲ, ಸೂಜಿಯಿಲ್ಲ. ಮೇಲಿನ ಬಟ್ಟೆ ತೆಗೆದು ಗೌನ್ ಹಾಕಿಕೊಳ್ಳಬೇಕು, ಜಡೆಯನ್ನು ಎತ್ತಿ ಕಟ್ಟಬೇಕು, ಪ್ಲೇಟಿಗೆ ಎದೆ ಒತ್ತಿ, ಗಲ್ಲ ಮೇಲಿಟ್ಟು, ಭುಜ ಮುಂದಕ್ಕೆ ತಂದು, ಉಸಿರು ಎಳೆದು ಹಿಡಿಯಬೇಕು. ಮುಗಿಯಿತು. ರಗಳೆ ಇರುವುದು ಒಂದೇ ಕಡೆ, ಕುತ್ತಿಗೆಯಲ್ಲಿ. ಕರಿಮಣಿ, ಮಂಗಳಸೂತ್ರ, ಅದಕ್ಕೆ ಸಿಕ್ಕಿಸಿಟ್ಟ ಸೇಫ್ಟಿ ಪಿನ್ನುಗಳ ಗೊಂಚಲು. ತೆಗೆಯಿರಿ ಅಂದರೆ ಹೆಂಗಸರ ಮುಖ ಸಣ್ಣದಾಗುತ್ತದೆ. ಮರಾಠಿಯವರಿರಲಿ, ನಮ್ಮ ಊರಿನವರಿರಲಿ, ಎಲ್ಲರದ್ದೂ ಒಂದೇ ಕಥೆ. ಅದಕ್ಕೆ ನಾನೇ ಒಂದು ಉಪಾಯ ಮಾಡಿಟ್ಟಿದ್ದೆ. ಡ್ರಾಯರಿನಲ್ಲಿ ಅರಿಶಿನ ಹಚ್ಚಿದ ದಾರ, ಒಂದೊಂದಕ್ಕೂ ಅರಿಶಿನದ ಕೊಂಬಿನ ಚೂರು ಕಟ್ಟಿದ್ದು. "ಮೊದಲು ಇದನ್ನು ಕಟ್ಟಿಕೊಳ್ಳಿ, ಆಮೇಲೆ ಅದನ್ನು ಬಿಚ್ಚಿ, ಕುತ್ತಿಗೆ ಒಂದು ಕ್ಷಣವೂ ಖಾಲಿ ಇರುವುದಿಲ್ಲ" ಅಂದರೆ ಎಂಥ ಹಟಮಾರಿ ಅಜ್ಜಿಯೂ ಒಪ್ಪುತ್ತಿದ್ದಳು. ನನ್ನ ಕೈಯಲ್ಲಿ ಎಕ್ಸ್‌ರೇ ಎರಡನೇ ಸಲ ತೆಗೆಯಬೇಕಾಗಿ ಬರುವುದೇ ಇಲ್ಲ ಎಂದು ನನಗೆ ಜಂಬ. ನಮ್ಮ ರೇಡಿಯಾಲಜಿಸ್ಟ್ ಸರ್ ಬೇರೆಯವರ ಮುಂದೆ ಅದನ್ನು ಹೇಳುತ್ತಿದ್ದರು ಕೂಡ.

ಇನ್ನು ನಿನ್ನ ಅತ್ತೆ, ರತ್ನಕ್ಕ. ನಮ್ಮ ಬಿಲ್ಡಿಂಗಿನ ಭಜನಾ ಮಂಡಳಿಯನ್ನು ಕಟ್ಟಿದವರು. ಮದುವೆಯಾಗಿ ಕಾಪುವಿನಿಂದ ಡೊಂಬಿವಲಿಗೆ ಬಂದ ಹೊಸತರಲ್ಲಿ ನಾನು ಲೋಕಲ್ ಟ್ರೇನಿಗೆ ಹತ್ತಲು ಹೆದರಿ ಪ್ಲಾಟ್‌ಫಾರ್ಮಿನಲ್ಲಿ ಅಳುತ್ತ ನಿಂತಿದ್ದವಳು. ಸೊಂಟಕ್ಕೆ ಕೈ ಹಾಕಿ ಒಳಗೆ ನೂಕಿ, "ಅಳುದು ಒಳಗೆ ಹೋಗಿ ಅಳು ಮಾರಾಯ್ತಿ, ಗಾಡಿ ಬಿಡ್ತದೆ" ಅಂದವರು ಅವರು. ಎಕ್ಸ್‌ರೇ ಕೋರ್ಸಿಗೆ ಸೇರಲು ನನ್ನ ಗಂಡನನ್ನು ಒಪ್ಪಿಸಿದವರೂ ಅವರೇ. ಅವರ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ — ಅಥವಾ ಹೇಳುತ್ತಿದ್ದೇನೋ? ಹೇಳುತ್ತಿದ್ದರೆ ಅಲ್ಲಿಗೇ ಬಿಡು, ಒಪ್ಪಿಕೊಳ್ಳಬೇಡ.

ಆ ವರ್ಷ ನಿನ್ನ ಮಾವನಿಗೆ ಹಾರ್ಟ್ ಅಟ್ಯಾಕ್ ಆಯಿತಲ್ಲ, ಠಾಣೆಯ ಆಸ್ಪತ್ರೆಯಲ್ಲಿ ಐಸಿಯುನಲ್ಲಿ ಇಟ್ಟಿದ್ದರಲ್ಲ — ಆಗಿನ ಮಾತು. ರತ್ನಕ್ಕನಿಗೆ ಅದಕ್ಕೂ ಮೊದಲಿನಿಂದ ಕೆಮ್ಮು ಇತ್ತು. ಭಜನೆಯ ನಡುವೆ ಎದ್ದು ಹೋಗಿ ಕೆಮ್ಮಿ ಬರುತ್ತಿದ್ದರು, ಡೊಂಬಿವಲಿಯ ಧೂಳು ಎನ್ನುತ್ತಿದ್ದರು. ಐಸಿಯುನ ಡಾಕ್ಟರ್ ಅದನ್ನು ಕೇಳಿಸಿಕೊಂಡು, ಎದೆಯ ಎಕ್ಸ್‌ರೇ ತಂದು ತೋರಿಸದೆ ಒಳಗೆ ಬಿಡುವುದಿಲ್ಲ ಎಂದುಬಿಟ್ಟರಂತೆ. ಅದಕ್ಕೆ ಗಂಡನನ್ನು ನೋಡಲು ಆಗದೆ ಓಡಿ ನನ್ನ ಬಳಿ ಬಂದರು. ಕಣ್ಣು ಊದಿತ್ತು. ನಾನು ಕ್ಯೂ ತಪ್ಪಿಸಿ ಒಳಗೆ ಕರೆದುಕೊಂಡೆ — ನಮ್ಮವರು ಬಂದರೆ ನಾವೆಲ್ಲ ಮಾಡುವುದು ಅದೇ — ಗೌನ್ ಕೊಟ್ಟೆ, ಡ್ರಾಯರಿನಿಂದ ದಾರ ತೆಗೆದೆ.

"ಇವತ್ತೊಂದು ತೆಗೀಲಿಕ್ಕೆ ಆಗುದಿಲ್ಲ ವಸಂತಿ."

"ದಾರ ಉಂಟಲ್ಲ ರತ್ನಕ್ಕ. ಕುತ್ತಿಗೆ ಖಾಲಿ ಇರುದಿಲ್ಲ. ಎರಡು ನಿಮಿಷ."

"ಅವರು ಅಲ್ಲಿ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದಾರೆ, ನೀನು ಇಲ್ಲಿ ನನ್ನ ಕರಿಮಣಿ ಬಿಚ್ಚಿಸ್ತೀಯಾ? ನಿನ್ನ ಬಾಯಲ್ಲಿ ಅದು ಹೇಗೆ ಬಂತು?"

ನನ್ನ ಕೈ ಹಿಂದೆ ಸರಿಯಿತು. ಬೇರೆ ಯಾರಾದರೂ ಆಗಿದ್ದರೆ, "ಹಾಗಾದರೆ ಎಕ್ಸ್‌ರೇಯೂ ಇಲ್ಲ, ಹೊರಡಿ" ಎನ್ನುತ್ತಿದ್ದೆ. ಅವರಿಗೆ ಅನ್ನಲಾಗಲಿಲ್ಲ. ಸರವನ್ನು ಒಟ್ಟುಗೂಡಿಸಿ, ಮೇಲಕ್ಕೆಳೆದು, ಭುಜದ ಮೇಲೆ ಪ್ಲಾಸ್ಟರ್ ಹಚ್ಚಿ ಅಂಟಿಸಿದೆ. ಪಿನ್ನುಗಳನ್ನು ಮಾತ್ರ ತೆಗೆಸಿದೆ, ನಾನೇನೋ ದೊಡ್ಡ ಶಿಸ್ತು ಮಾಡಿದವಳ ಹಾಗೆ. ಉಸಿರು ಎಳೆಯಿರಿ, ಹಿಡಿಯಿರಿ ಅಂದೆ. ಹಿಡಿಯುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು, ಮತ್ತೊಮ್ಮೆ ಹಿಡಿದರು.

ಇಮೇಜು ಸ್ಕ್ರೀನಿಗೆ ಬಂತು. ಪ್ಲಾಸ್ಟರ್ ಜಾರಿ ಸರ ಬಲಗಡೆಗೆ ಇಳಿದಿತ್ತು. ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ ಮಣಿಗಳ ಸಾಲು ಬಿದ್ದಿತ್ತು. ಸಾಲುಗಳ ನಡುವೆ ಮಬ್ಬಾಗಿ ಬೆಳ್ಳಗೆ ಒಂದಿಷ್ಟು ಜಾಗ. ನೋಡಿದೆ. ಸರಿಯಾಗಿಯೇ ನೋಡಿದೆ. ಮಣಿಗೆ ಅಂಚಿರುತ್ತದೆ ಸುಜಾತಾ, ಉರುಟಾಗಿ ಕೊರೆದ ಹಾಗೆ ಕಾಣುತ್ತದೆ. ಇದಕ್ಕೆ ಅಂಚಿರಲಿಲ್ಲ. ನಮ್ಮ ಕಡೆ ಈ ಕೆಲಸದಲ್ಲಿರುವವರು ದಿನ ಬಿಟ್ಟು ದಿನ ಟಿಬಿ ನೋಡುತ್ತೇವೆ. ಎದೆಯ ಮೇಲ್ಭಾಗದಲ್ಲಿ ಅಂಥ ಮಬ್ಬು ಕಂಡರೆ ಏನಿರಬಹುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೋಗ ಗುರುತಿಸುವುದು ನನ್ನ ಕೆಲಸವಲ್ಲ, ನಿಜ. ಆದರೆ ಇಮೇಜು ಸರಿ ಬರಲಿಲ್ಲ, ಇನ್ನೊಮ್ಮೆ ತೆಗೆಯಬೇಕು ಎನ್ನುವುದು ಮಾತ್ರ ನನ್ನದೇ ಕೆಲಸ. ಅಷ್ಟನ್ನು ಮಾಡಿದ್ದರೆ ಸಾಕಿತ್ತು.

"ಸರಿ ಉಂಟಾ?" ಎಂದು ಬಾಗಿಲ ಹಿಂದಿನಿಂದ ಕೇಳಿದರು. ಅಷ್ಟರಲ್ಲಾಗಲೇ ಬಟ್ಟೆ ಹಾಕಿಕೊಂಡಿದ್ದರು.

"ಕ್ಲಿಯರ್ ಉಂಟು ರತ್ನಕ್ಕ. ಸಂಜೆ ರಿಪೋರ್ಟ್ ಕೊಡ್ತೇನೆ" ಅಂದೆ. ಸಂಜೆ ಐಸಿಯುನಲ್ಲಿ ಭೇಟಿಯ ಹೊತ್ತು ತಪ್ಪಬಾರದು ಎಂಬ ಅವಸರ ಅವರಿಗೆ. ನನಗೆ — ನನಗೆ ಏನಿತ್ತು? ಅವರನ್ನು ಮತ್ತೆ ನಿಲ್ಲಿಸಿ ಆ ಸರದ ಮಾತನ್ನೇ ಎತ್ತುವ ಧೈರ್ಯ ಇರಲಿಲ್ಲ, ಅಷ್ಟೇ.

ಮಧ್ಯಾಹ್ನ ಸರ್ ಬಂದು ಒಂದರ ಹಿಂದೊಂದು ಎಕ್ಸ್‌ರೇ ನೋಡುತ್ತ ಕೂತರು. ರತ್ನಕ್ಕನದ್ದು ಬಂದಾಗ ಕೈ ನಿಲ್ಲಿಸಿದರು. ಮೇಲೆ ಇದೇನು, ಮಾಲೆ ತೆಗೆಸಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು — ವಸಂತಿ ಹೀಗೆ ಮಾಡುವವಳಲ್ಲವಲ್ಲ ಎಂಬ ಆಶ್ಚರ್ಯ. ಆ ಆಶ್ಚರ್ಯವನ್ನೇ ನನಗೆ ತಡೆಯಲಾಗಲಿಲ್ಲ. "ಮಣೀಚ್ ಆಹೇತ್ ಸರ್" ಅಂದೆ, ಬರೀ ಮಣಿಗಳೇ ಸರ್ ಎಂದು. ಅಲ್ಲಿಗೆ ನಿಲ್ಲಿಸಲಿಲ್ಲ. ಸರ ಸರಿಸಿ ಇನ್ನೊಂದು ತೆಗೆದೆ, ಪೇಷಂಟ್ ಕೆಮ್ಮಿ ಅಲ್ಲಾಡಿದ್ದರಿಂದ ಅದನ್ನು ಇಡಲಿಲ್ಲ, ಆದರೆ ಮೇಲ್ಭಾಗ ಅದರಲ್ಲಿ ಕ್ಲಿಯರ್ ಇತ್ತು — ಎಂದು ಇಷ್ಟುದ್ದ ಸುಳ್ಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಎಲ್ಲಿಂದ ಬಂತೋ ಆ ಸುಳ್ಳು! ಸರ್ ನನ್ನನ್ನು ನಂಬಿದರು. ನಾರ್ಮಲ್ ಎಂದು ಬರೆದರು.

ರತ್ನಕ್ಕ ಆ ಸಂಜೆ ಗಂಡನನ್ನು ನೋಡಿದರು. ಭಾವ, ಅಂದರೆ ನಿನ್ನ ಮಾವ, ಹುಷಾರಾಗಿ ಮನೆಗೂ ಬಂದರು. ರತ್ನಕ್ಕನ ಕೆಮ್ಮು ಔಷಧಿಯಿಂದ ಕೆಲವು ದಿನ ಕಡಿಮೆಯಾದ ಹಾಗೆ ಕಂಡಾಗ, ನೋಡು, ಏನೂ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕೆಮ್ಮು ಮತ್ತೆ ಶುರುವಾಯಿತು. ಡಾಕ್ಟರ್ ಮತ್ತೆ ಎಕ್ಸ್‌ರೇ ತೆಗೆಸಿ ನೋಡುವ ಎಂದರೆ ರತ್ನಕ್ಕ ಆ ರಿಪೋರ್ಟನ್ನು ಮುಂದಿಡುತ್ತಿದ್ದರಂತೆ. ಆಗಿದೆ ಡಾಕ್ಟ್ರೇ, ನಮ್ಮ ವಸಂತಿಯೇ ತೆಗೆದದ್ದು, ಎಂತದೂ ಇಲ್ಲ.

ಆ ಹೊತ್ತಿಗೆ ನೀನು ಆ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ರತ್ನಕ್ಕನ ಮಗ ಹರೀಶ ತಾನೇ ಮೆಚ್ಚಿ ಮದುವೆಯಾದದ್ದು, ನಿನ್ನ ಅಪ್ಪ ಕಲ್ಯಾಣದ ಹೋಟೆಲಿನಲ್ಲಿ ದೋಸೆ ಹಾಕುವವರು, ನಿಮ್ಮದು ಟಿಟ್ವಾಳಾದ ಚಾಳಿನಲ್ಲಿ ಒಂದು ರೂಮು ಅಡುಗೆಮನೆ — ಇದೆಲ್ಲ ರತ್ನಕ್ಕನ ಗಂಟಲಲ್ಲಿ ಮೊದಲಿನಿಂದ ಸಿಕ್ಕಿಕೊಂಡಿತ್ತು. ನೀನು ಮಾತ್ರ ಅವರ ಕಾಲು ಒತ್ತುತ್ತಿದ್ದೆ, ಕೆಮ್ಮು ಬಂದಾಗ ಬೆನ್ನು ನೀವುತ್ತಿದ್ದೆ. ಮಾವ ಆಸ್ಪತ್ರೆಯಲ್ಲಿದ್ದಾಗ ಅತ್ತೆ ಒಬ್ಬರೇ ಆಗುತ್ತಾರೆಂದು ಅವರ ಪಕ್ಕದಲ್ಲೇ ಚಾಪೆ ಹಾಕಿ ಮಲಗುತ್ತಿದ್ದೆ. ನಾನು ನೋಡಿದ್ದೇನೆ. ಆ ಮಳೆಗಾಲ ಕಳೆಯುವಷ್ಟರಲ್ಲಿ ನೀನು ಇಳಿದುಹೋದೆ. ಸಂಜೆಯಾದರೆ ಜ್ವರ. ಒಂದು ಬೆಳಿಗ್ಗೆ ಕೆಮ್ಮಿದಾಗ ರಕ್ತ ಬಂತೆಂದು ಹರೀಶ ನಿನ್ನನ್ನು ಸೆಂಟರಿಗೆ ಕರೆತಂದ.

ನಿನಗೆ ಅರಿಶಿನದ ದಾರ ಕಟ್ಟಿಸಿದೆ. ಸರ ಬಿಚ್ಚಿಸಿದೆ. ಜಡೆ ಎತ್ತಿಸಿದೆ. ಒಂದು ಚೂರೂ ಬಿಡಲಿಲ್ಲ. ನಿನ್ನ ಇಮೇಜು ಬಂದಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ, ಸರ್ ನೋಡಿದ ಕೂಡಲೇ ಹೇಳಿದರು. ಎಲ್ಲರೂ ಹೋದ ಮೇಲೆ ನಾನು ಕಂಪ್ಯೂಟರಿನಲ್ಲಿ ರತ್ನಕ್ಕನ ಹಳೆಯ ಇಮೇಜನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಮಬ್ಬು ಅಲ್ಲೇ ಇತ್ತು. ಸ್ಟೂಲಿನ ಮೇಲೆ ಕೂತೆ. ಆ ಹೊತ್ತಿಗೂ ಕಾಲ ಮೀರಿರಲಿಲ್ಲ ಸುಜಾತಾ. ಹೊರಗೆ ಹೋಗಿ ಸರ್ ಎದುರು ನಿಂತು ಹೇಳಬಹುದಿತ್ತು. ಕೆಲಸ ಹೋಗುತ್ತಿತ್ತು ಅಷ್ಟೇ, ಇನ್ನೊಂದು ಸಿಗುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದೆ.

ಆ ವಾರವೇ ರತ್ನಕ್ಕ ನನ್ನನ್ನು ಕರೆಸಿದರು. ನಿನಗೆ ನೆನಪಿರಬೇಕು, ನೀನು ಅಡುಗೆಮನೆಯ ಬಾಗಿಲಲ್ಲಿ ಮೂಗು ಬಾಯಿಗೆ ದುಪಟ್ಟಾ ಹಿಡಿದು ನಿಂತಿದ್ದೆ. ಭಾವ ಕುರ್ಚಿಯಲ್ಲಿ, ಹರೀಶ ಕಿಟಕಿಯ ಹತ್ತಿರ, ಮಂಡಳಿಯ ಹೆಂಗಸರು ಸೋಫಾದ ಮೇಲೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಟಿಬಿ ವಿಭಾಗದವರು ಬಂದು ಹೇಳಿಹೋಗಿದ್ದರು. ಉಳಿದವರು ಮಾಡಿಸಿದ್ದರು, ರತ್ನಕ್ಕ ಹಳೆಯ ರಿಪೋರ್ಟ್ ತೋರಿಸಿ ಕಳಿಸಿದ್ದರು.

"ನೀನೇ ಹೇಳು ವಸಂತಿ. ಎಕ್ಸ್‌ರೇ ತೆಗೆದವಳು ನೀನೇ. ನಂದು ಕ್ಲಿಯರ್ ಇತ್ತಲ್ಲ? ಈ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾದ್ರೆ ಎಲ್ಲಿಂದ ಬಂತು?"

"ಹೌದು ರತ್ನಕ್ಕ. ಕ್ಲಿಯರ್ ಇತ್ತು."

ಇಷ್ಟೇ ನಾನು ಆಡಿದ್ದು. ಮಿಕ್ಕದ್ದನ್ನು ಅವರವರೇ ತುಂಬಿಸಿಕೊಂಡರು. ಟಿಟ್ವಾಳಾದ ಆ ಚಾಳಿನಿಂದ ಬಂತು, ಅಪ್ಪನ ಹೋಟೆಲಿನಿಂದ ಬಂತು, ತಾಯಿಮನೆಯವರು ಮುಚ್ಚಿಟ್ಟು ಮದುವೆ ಮಾಡಿದರು — ಒಬ್ಬೊಬ್ಬರದು ಒಂದೊಂದು. ನೀನು ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದೆ. ಅದು ಅನುಮಾನದ ನೋಟವಾಗಿರಲಿಲ್ಲ. ಅಕ್ಕ ಹೇಳುತ್ತಿದ್ದಾರೆಂದರೆ ನಿಜವೇ ಇರಬೇಕು ಎಂದು ನೀನೂ ನನ್ನನ್ನು ನಂಬಿದ್ದು ಅದರಲ್ಲಿ ಕಾಣುತ್ತಿತ್ತು. ನಾನು ಚಹಾದ ಕಪ್ಪನ್ನು ಬಾಯಿಗಿಟ್ಟುಕೊಂಡೆ.

ಮದ್ದಿನ ಕೋರ್ಸ್ ಮುಗಿಯುವ ತನಕ ತಾಯಿಮನೆಯಲ್ಲಿರಲಿ ಎಂದು ಕಳಿಸಿದರು. ನಿನ್ನ ತಟ್ಟೆ, ಲೋಟ, ಚಮಚವನ್ನೂ ಚೀಲದಲ್ಲಿ ಹಾಕಿ ಕೊಟ್ಟರಂತೆ. ಮೂರು ವರ್ಷದ ಶ್ರಾವಣಿಯನ್ನು ಸೊಂಟದಲ್ಲಿ ಎತ್ತಿಕೊಂಡು ನೀನು ಟಿಟ್ವಾಳಾ ಲೋಕಲ್ ಹತ್ತಿದ್ದನ್ನು ಯಾರೋ ನೋಡಿ ಬಂದು ಹೇಳಿದರು. ಹರೀಶ ಮೊದಮೊದಲು ಭಾನುವಾರ ಬರುತ್ತಿದ್ದ, ಆಮೇಲೆ ಬರುವುದನ್ನು ನಿಲ್ಲಿಸಿದ. ನಿನ್ನ ಕೋರ್ಸ್ ಮುಗಿಯುವ ಮೊದಲೇ ರತ್ನಕ್ಕ ಹಾಸಿಗೆ ಹಿಡಿದರು, ಕಫದ ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. ಆಗಲಾದರೂ ಒಬ್ಬರಿಗಾದರೂ ಹೊಳೆಯಬೇಕಿತ್ತಲ್ಲ, ಯಾರ ಕೆಮ್ಮು ಮೊದಲು ಎಂದು? ಇಲ್ಲ. ರಿಪೋರ್ಟ್ ನಾರ್ಮಲ್ ಇತ್ತಲ್ಲ! ಸೊಸೆಯೇ ಕೊಟ್ಟು ಹೋದಳು ಎಂದರು. ಅವರಿಗೆ ಮಂಡಳಿಯವರು ಸರದಿಯಲ್ಲಿ ಗಂಜಿ ಮಾಡಿ ಕೊಟ್ಟರು, ಹಣ್ಣು ತಂದರು, ಪಕ್ಕದಲ್ಲಿ ಕೂತು ಭಜನೆ ಹೇಳಿದರು. ಯಾರೂ ಅವರ ತಟ್ಟೆಯನ್ನು ಬೇರೆ ಇಡಲಿಲ್ಲ. ನಾನೂ ಗಂಜಿ ಕೊಟ್ಟವಳೇ. ಅವರು ಗುಣವಾದರು. ನಿನ್ನನ್ನು ಮಾತ್ರ ಯಾರೂ ವಾಪಸು ಕರೆಯಲಿಲ್ಲ.

ಈ ಎಲ್ಲ ವರ್ಷ ನಾನು ನನ್ನ ತಲೆಯಲ್ಲೇ ವಕೀಲಿಕೆ ಮಾಡಿದ್ದೇನೆ. ಟಿಬಿ ಈ ಊರಿನಲ್ಲಿ ಎಲ್ಲಿಲ್ಲ? ಟ್ರೇನಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ಬಡಿಯುತ್ತದೆ, ಯಾರಿಂದ ಯಾರಿಗೆ ಬಂತು ಎಂದು ಯಾವ ಡಾಕ್ಟರ್ ಬರೆದುಕೊಡುತ್ತಾನೆ? ನಿನಗೆ ಬೇರೆ ಕಡೆಯಿಂದಲೇ ಬಂದಿರಬಹುದು. ನಿಜ, ಬಂದಿರಬಹುದು. ಆದರೆ ಯಾರಿಗೆ ಮೊದಲು ಬಂತು ಎನ್ನುವುದು ನನಗೆ ಗೊತ್ತಿತ್ತಲ್ಲ. ಇಡೀ ಡೊಂಬಿವಲಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟಕ್ಕೂ ಅದು ಬರೀ ಮಣಿಯೇ ಆಗಿದ್ದರೆ, ನಾನು ಸರ್‌ಗೆ ಅಷ್ಟುದ್ದ ಸುಳ್ಳು ಯಾಕೆ ಹೇಳಬೇಕಿತ್ತು — ಅಲ್ಲಿಗೆ ಬಂದಾಗ ವಕೀಲಿಕೆ ನಿಲ್ಲುತ್ತದೆ. ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತದೆ.

ಮೊನ್ನೆ ನೀನು ಠಾಣೆಯ ಸೆಂಟರಿಗೆ ಬಂದೆ. ಟೋಕನ್ ಕರೆದಾಗ ಬಾಗಿಲಲ್ಲಿ ನೀನು ನಿಂತಿದ್ದೆ. ನೀನು ನಕ್ಕೆ! "ಅಕ್ಕಾ, ಆಪ್ ಇಧರ್?" ಎಂದು ಓಡಿ ಬಂದು ಕೈ ಹಿಡಿದುಕೊಂಡೆ, ಹಿಡಿದ ಕೂಡಲೇ ಏನೋ ನೆನಪಾದವಳ ಹಾಗೆ ಬಿಟ್ಟೆ. ಕೋಪರಿಯ ಹತ್ತಿರ ಒಂದು ಶಿಶುಗೃಹದಲ್ಲಿ ಕೆಲಸ ಸಿಕ್ಕಿದೆ, ಸಣ್ಣ ಮಕ್ಕಳಲ್ಲವೇ, ಎದೆಯ ಎಕ್ಸ್‌ರೇ ಕೇಳಿದ್ದಾರೆ ಅಂದೆ. ನಾನು ಹೇಳುವ ಮೊದಲೇ ಕಿವಿಯದ್ದು, ಕುತ್ತಿಗೆಯದ್ದು, ಕೂದಲಿನ ಕ್ಲಿಪ್ಪು ಎಲ್ಲ ತೆಗೆದು ಬ್ಯಾಗಿಗೆ ಹಾಕಿದೆ. "ಫಿರ್ ಸೇ ತೋ ನಹೀಂ ಆಯಾ ಹೋಗಾ ನಾ ಅಕ್ಕಾ?" ಮತ್ತೆ ಬಂದಿರಲಿಕ್ಕಿಲ್ಲ ಅಲ್ವಾ ಎಂದು ಎರಡು ಮೂರು ಸಲ ಕೇಳಿದೆ. ಕೋರ್ಸ್ ಪೂರ್ತಿ ಮುಗಿಸಿದ್ದೀಯಲ್ಲ, ನಿನ್ನಿಂದ ಯಾರಿಗೂ ಹರಡುವುದಿಲ್ಲ ಎಂದೆ. ಯಾವ ಪೇಷಂಟಿಗಾದರೂ ಹೇಳುವ ಮಾತು ಅದು.

"ಡಾಕ್ಟರ್ ಭೀ ಅದೇ ಹೇಳ್ತಾರೆ. ಆದ್ರೆ ಮನಸ್ಸು ಕೇಳಲ್ಲ ಅಕ್ಕಾ. ನನ್ನಿಂದ ಅತ್ತೆಗೆ ಬಂತಲ್ಲ, ಅವರು ಎಷ್ಟು ಕಷ್ಟಪಟ್ರು! ಅದಕ್ಕೇ ಶ್ರಾವಣಿಯನ್ನ ಇನ್ನೂ ನನ್ನ ಹತ್ತಿರ ಮಲಗಿಸ್ಕೊಳ್ಳಲ್ಲ. ನನ್ನ ಅಮ್ಮನ ಜೊತೆ ಮಲಗ್ತಾಳೆ. ಸಣ್ಣವಳಿದ್ದಾಗ ಬಹುತ್ ರೋತೀ ಥೀ, ತುಂಬ ಅಳ್ತಿದ್ಳು, ರಾತ್ರಿ ಎದ್ದು ನನ್ನ ಚಾಪೆಗೆ ಬರ್ತಿದ್ಳು. ನಾನು ವಾಪಸ್ ಕಳಿಸ್ತಿದ್ದೆ."

ನಿನ್ನನ್ನು ಮನೆಯಿಂದ ಕಳಿಸಿದ್ದು ಗೊತ್ತಿತ್ತು, ಹರೀಶ ಬಿಟ್ಟದ್ದು ಗೊತ್ತಿತ್ತು. ಅದರ ಲೆಕ್ಕವನ್ನಾದರೂ ಒಂದು ಥರ ಹಾಕಿಟ್ಟುಕೊಂಡಿದ್ದೆ. ಇದು — ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ನಾನು ಆಡಿದ ಆ ಮಾತನ್ನು ಬೇರೆಯವರು ಮರೆತರೂ ನೀನು ಮರೆಯದೆ, ದಿನಾ ರಾತ್ರಿ ನಿನ್ನ ಕೈಯಾರೆ ಪಾಲಿಸುತ್ತ ಬಂದಿದ್ದೆ.

ಆಗಲೂ ಹೇಳಲಿಲ್ಲ. ಬಾಯಿಂದ ಹೊರಟದ್ದು ಮಾತ್ರ "ಗಲ್ಲ ಮೇಲೆ, ಭುಜ ಮುಂದೆ, ಉಸಿರು ಎಳೆ, ಹಿಡಿ." ನೀನು ಹಿಡಿದೆ. ನಾನು ಬಟನ್ ಒತ್ತುವುದನ್ನು ಮರೆತು ಗಾಜಿನ ಈಚೆ ನಿಂತುಬಿಟ್ಟೆ. ಮುಖ ಕೆಂಪಾಗುವ ತನಕ ನೀನು ಹಿಡಿದೇ ಇದ್ದೆ, ಬಿಡು ಎಂದು ನಾನು ಹೇಳದೆ ಬಿಡುವುದಿಲ್ಲವೆನ್ನುವ ಹಾಗೆ. ಇನ್ನೊಮ್ಮೆ ತೆಗೆಯಬೇಕಾಯಿತು. ನಿನ್ನ ಎದೆಯಲ್ಲಿ ಹಳೆಯ ಗಾಯ ಮಾಗಿದ ಕಲೆ ಒಂದಿದೆ, ಬೇರೇನೂ ಇಲ್ಲ. ಇದು ಅಲ್ಲಿನ ಡಾಕ್ಟರ್ ನೋಡಿ ಬರೆದದ್ದು, ನನ್ನ ಮಾತಲ್ಲ. ನನ್ನ ಮಾತನ್ನು ನೀನು ಇನ್ನು ಮೇಲೆ ಸುಲಭಕ್ಕೆ ನಂಬಬೇಡ.

ಮರುದಿನ ರಜೆ ಹಾಕಿ ಡೊಂಬಿವಲಿಗೆ ಹೋದೆ. ಭಾವ ತೀರಿಕೊಂಡ ಮೇಲೆ ರತ್ನಕ್ಕ ಬಹಳ ಬಗ್ಗಿದ್ದಾರೆ. ಎಲ್ಲ ಹೇಳಿದೆ, ಮಬ್ಬು ಕಂಡದ್ದು, ಸರ್‌ಗೆ ಹೇಳಿದ್ದು, ನಿನ್ನ ಎದುರು ಹೌದೆಂದದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಆವತ್ತು ನೀನು ನನಗೆ ಎರಡು ಬೈದು ಕರಿಮಣಿ ತೆಗೆಸಬೇಕಿತ್ತು" ಎಂದರು. ಹೌದು, ತೆಗೆಸಬೇಕಿತ್ತು ಎಂದೆ. ಅವರ ತಪ್ಪು ಅದರಲ್ಲಿ ಏನೂ ಇಲ್ಲ, ಗಂಡ ಐಸಿಯುನಲ್ಲಿದ್ದ ಹೆಂಗಸು ಹೆದರಿದರು. ಹೆದರದೆ ಇರುವುದು ನನ್ನ ಕೆಲಸವಾಗಿತ್ತು. ಆಮೇಲೆ ದನಿ ತಗ್ಗಿಸಿ ಅಂದರು — "ಈಗ ಅದನ್ನೆಲ್ಲ ಯಾಕೆ ಎಬ್ಬಿಸ್ತಿ ವಸಂತಿ? ಅವಳು ಅಲ್ಲಿ ಸೆಟ್ಲ್ ಆಗಿದ್ದಾಳೆ. ಮಂಡಳಿಯಲ್ಲಿ ಗೊತ್ತಾದ್ರೆ ನಾನು ಮುಖ ಎಲ್ಲಿ ಇಡುದು?" ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇದೇ ಮಾತನ್ನು ಇಷ್ಟು ವರ್ಷ ನಾನು ನನಗೇ ಹೇಳಿಕೊಂಡಿದ್ದೆನಲ್ಲ. ಹರೀಶ ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಹಳೆಯ ಸರ್‌ಗೂ ಫೋನ್ ಮಾಡಿದೆ. ನಿನ್ನನ್ನು ನಂಬಿ ಸಹಿ ಹಾಕಿದ್ದೆನಲ್ಲ ವಸಂತಿ ಎಂದರು, ಫೋನ್ ಇಟ್ಟರು. ಈಗಿನ ಸೆಂಟರಿನವರಿಗೂ ಹೇಳುತ್ತೇನೆ. ಅವರು ನನ್ನನ್ನು ಇಟ್ಟುಕೊಳ್ಳುವುದೋ, ಬಿಡುವುದೋ ಅವರಿಗೆ ಬಿಟ್ಟದ್ದು.

ಭಾನುವಾರ ಟಿಟ್ವಾಳಾಕ್ಕೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರು ಕೇಳಿಸಿಕೊಳ್ಳಲಿ, ಅವರೂ ಕೇಳಬೇಕಾದ್ದೇ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಅದನ್ನು ಕೇಳಿದರೆ ನಿನ್ನ ತಲೆಯ ಮೇಲೆ ಮತ್ತೊಂದು ಹೊರೆ ಇಟ್ಟ ಹಾಗಾಗುತ್ತದೆ. ಒಂದೇ ಮಾತು ಹೇಳಲು ಬರುತ್ತೇನೆ — ನಿನ್ನ ಅತ್ತೆಗೆ ರೋಗ ಬಂದದ್ದು ನಿನ್ನಿಂದಲ್ಲ, ನಿನಗೆ ಬರುವ ಮೊದಲೇ ಅವರ ಎದೆಯಲ್ಲಿ ಅದು ಇತ್ತು, ನಾನು ಕಣ್ಣಾರೆ ಕಂಡಿದ್ದೆ. ಶ್ರಾವಣಿಯನ್ನು ನಿನ್ನ ಪಕ್ಕದಲ್ಲಿ ಮಲಗಿಸಿಕೋ. ಏಳನೇ ಕ್ಲಾಸಿನ ಹುಡುಗಿ, ಈಗ ಕರೆದರೆ ಬರುತ್ತಾಳೋ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಗೋಡೆಯ ಕಡೆ ಹೊರಳುತ್ತಾಳೋ — ನನಗೆ ಗೊತ್ತಿಲ್ಲ. ಅವಳು ರಾತ್ರಿ ಎದ್ದು ತಾನಾಗಿ ನಿನ್ನ ಚಾಪೆಗೆ ಬರುತ್ತಿದ್ದಾಗ ನಾನು ಇದನ್ನು ಹೇಳಬೇಕಿತ್ತು.